ವಿಧುರನ ಮನೆಗೆ ಹೋದ ಕೇಕುಗಳು

ಚರ್ಚಿನ ಹಿರಿಯರಲ್ಲೊಬ್ಬನಾದ ಡೀಕನ್ ಹೊಸೀಯಾ ಗ್ಯಾಡಿಸ್‌ ಹೆಂಡತಿಯನ್ನು ಮಣ್ಣು ಮಾಡಿ ಬಂದ ವಾರದಲ್ಲೇ ಅವನ ಅಡುಗೆಮನೆಯಲ್ಲಿ ಪಾತ್ರೆ ಇಡಲು ಜಾಗವಿರಲಿಲ್ಲ. ಬೆಣ್ಣೆ ಕೇಕು, ಸಿಹಿಗೆಣಸಿನ ಪೈ, ಹುರಿದ ಕೋಳಿ. ಅಮೆರಿಕದ ಮಿಸಿಸಿಪ್ಪಿಯ ಆ ಊರಿನ ಕಪ್ಪು ಜನರ ಚರ್ಚಿನಲ್ಲಿ ಹೆಂಡತಿ ಸತ್ತ ಗಂಡಸು ಅಪರೂಪದ ವಸ್ತು. ಗಂಡಸರು ಜೈಲಿಗೆ ಹೋಗುತ್ತಾರೆ, ಇಲ್ಲವೇ ಐವತ್ತಕ್ಕೇ ಎದೆ ಹಿಡಿದುಕೊಂಡು ಬೀಳುತ್ತಾರೆ. ಉಳಿದ ಒಬ್ಬನ ಮನೆಗೆ ವಿಧವೆಯರೆಲ್ಲ ಸಾಲುಗಟ್ಟುತ್ತಾರೆ. ಕೇಕಿನ ತಟ್ಟೆ ವಾಪಸು ತರುವುದು ಎರಡನೆಯ ಭೇಟಿಗೆ ನೆಪ. ಅದು ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡುವುದಿಲ್ಲ.

ವರ್ಲೀನ್ ಟಾಲಿವರ್ ಕೂಡ ತಟ್ಟೆ ತರಲು ಹೋದವಳೇ. ವಯಸ್ಸು ಅರವತ್ತೇಳು. ಕಾರ್ಖಾನೆಯಲ್ಲಿ ಜೀವಮಾನವಿಡೀ ಮೀನು ಸೀಳಿದವಳು, ಉಚ್ಚೆಗೂ ಬಿಡದ ಮಾಲೀಕನ ವಿರುದ್ಧ ಮುಷ್ಕರಕ್ಕೆ ನಿಂತವಳು. ಭೇಟಿ ಹಾಸಿಗೆಯವರೆಗೂ ಹೋದಾಗ ಡೀಕನ್ ಕಾಂಡೋಮ್ ಹಾಕಲಿಲ್ಲ, ಇವಳೂ ಕೇಳಲಿಲ್ಲ. ಅದು ಬಸುರಿಗೆ ಹೆದರುವವರ ಸಾಮಾನು, ಮುಟ್ಟು ನಿಂತು ಎಷ್ಟೋ ಕಾಲವಾದವಳಿಗೆ ಏಕೆ? ಅವಳ ಓರಗೆಯವರೆಲ್ಲ ಹಾಗೆಯೇ ತಿಳಿದಿದ್ದರು. ಬೇರೆ ರೀತಿ ಹೇಳಿಕೊಟ್ಟವರಾದರೂ ಯಾರು?

ವರ್ಷಗಳು ಉರುಳಿದ ಮೇಲೆ ಕೊನೆಗೆ ಹೇಳಿದವಳು ಗೆಳತಿ ಅರ್ನೆಸ್ಟೀನ್, ಆಸ್ಪತ್ರೆಯ ಹಾಸಿಗೆಯಲ್ಲಿ ಚಕ್ಕೆಯಂತೆ ಒಣಗಿ ಮಲಗಿದ್ದವಳು.

"ಎಚ್‌ಐವಿ ಅಂತೆ ಕಣೇ. ಎರಡು ವರ್ಷ ಸರ್ಪಸುತ್ತು ಅಂದ್ರು, ವಯಸ್ಸಾಯ್ತು ಅಂದ್ರು, ತೂಕ ಇಳಿದ್ರೆ ಒಳ್ಳೇದೇ ಅಂದ್ರು. ಒಬ್ಬನಾದ್ರೂ ಈ ಪರೀಕ್ಷೆ ಮಾಡಿಸಿದ್ನಾ?"

"ಯಾರಿಂದ ಬಂತೇ?"

"ಗಂಡ ಸತ್ತ ಮೇಲೆ ನಾನು ತಟ್ಟೆ ತಂದಿದ್ದು ಒಂದೇ ಮನೆಯಿಂದ. ಅಲ್ಲಿ ನನ್ನ ತಟ್ಟೆ ಪಕ್ಕದಲ್ಲೇ ನಿನ್ನದೂ ಇತ್ತಲ್ಲೇ. ಸುಮ್ನೆ ಕೂರಬೇಡ, ಹೋಗಿ ಪರೀಕ್ಷೆ ಮಾಡಿಸ್ಕೋ."

ವರ್ಲೀನ್ ಮರುದಿನವೇ ಹೋದಳು. ಡಾಕ್ಟರು ನಕ್ಕರು.

"ಮಿಸ್ ವರ್ಲೀನ್, ನಿಮಗ್ಯಾಕೆ ಆ ಪರೀಕ್ಷೆ? ಬಿ.ಪಿ. ನೋಡೋಣ, ಸಕ್ಕರೆ ನೋಡೋಣ. ಅದೆಲ್ಲ ಹುಡುಗರ ತಾಪತ್ರಯ."

"ಸತ್ತಿರೋದು ನನ್ನ ಗಂಡ ಡಾಕ್ಟ್ರೇ, ನಾನಲ್ಲ. ಬಂದಾಗಲೆಲ್ಲ ಬಿದ್ರಾ, ಎದ್ರಾ, ಹೊಟ್ಟೆ ಸರಿಯಾಗಿ ಹೋಯ್ತಾ ಅಂತ ಕೇಳ್ತೀರಿ. ಯಾರ ಜೊತೆ ಮಲಗ್ತೀರಿ ಅಂತ ಒಂದ್ಸಲ ಕೇಳಿದ್ದೀರಾ? ತಗೊಳ್ಳಿ ಬೆರಳು, ಚುಚ್ಚಿ."

ಡಾಕ್ಟರು ನಗು ನಿಲ್ಲಿಸಿ ಬೆರಳು ಚುಚ್ಚಿದರು. ಗೋಡೆಯ ಮೇಲಿನ ಚಿತ್ರದಲ್ಲಿ ಸೋಂಕು ತಡೆಯುವ ಮಾತ್ರೆ ಹಿಡಿದು ಹಲ್ಲು ಬಿಡುತ್ತಿದ್ದವರೆಲ್ಲ ಎಳೆಯ ಹುಡುಗರು. ನರೆತ ತಲೆ ಒಂದೂ ಇಲ್ಲ. ಮುದುಕಿಯರು ಸಾಯಲಿ ಎಂದೇ ಬಿಟ್ಟ ಹಾಗಿತ್ತು.

ರಕ್ತದಲ್ಲಿ ಸೋಂಕು ಕಾಣಲಿಲ್ಲ. ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡಬೇಕು ಎಂದರು.

"ಆ ಚಿತ್ರದಲ್ಲಿರೋ ಮಾತ್ರೆ ನನಗೂ ಬರೀರಿ."

"ಅದಕ್ಕೆ ಮೊದಲು ಕಿಡ್ನಿ ನೋಡ್ಬೇಕು..."

"ನೋಡಿ. ಬೇಡ ಅಂದೋರು ಯಾರು?"

ಅಲ್ಲಿಂದ ನೇರವಾಗಿ ಡೀಕನ್ ಮನೆಗೆ ನಡೆದಳು. ಅವನು ಜಗುಲಿಯ ಕುರ್ಚಿಯಿಂದ ಏಳಲೇ ಇಲ್ಲ.

"ನನಗೆ ಪರೀಕ್ಷೆಯಾ? ನಾನೇನು ನಶೆಗೆ ಸೂಜಿ ಚುಚ್ಕೊಳ್ಳೋ ಪೋಲಿನಾ? ಚರ್ಚಲ್ಲಿ ಕಾಣಿಕೆ ಬುಟ್ಟಿ ಹಿಡಿಯೋನು ನಾನು."

"ಬುಟ್ಟಿ ಹಿಡಿದ್ರೆ ರಕ್ತ ತೊಳೆದ ಹಾಗಾಯ್ತಾ? ಸೋಂಕಿದ್ರೂ ದಿನಾ ಮಾತ್ರೆ ತಗೊಂಡ್ರೆ ಬದುಕ್ತೀಯ, ಇನ್ನೊಬ್ಬರಿಗೆ ಅಂಟೋದೂ ನಿಲ್ಲುತ್ತೆ. ಪರೀಕ್ಷೆ ಮಾಡಿಸೋವರೆಗೂ ನನ್ನ ಬಾಗಿಲಿಗೆ ಬರಬೇಡ."

"ಊರಲ್ಲಿ ಇರೋದು ನಿನ್ನದೊಂದೇ ಬಾಗಿಲಾ, ಸಿಸ್ಟರ್?" ಚರ್ಚಿನಲ್ಲಿ ಹೆಂಗಸರನ್ನು ಕರೆಯುವ ಹಾಗೆಯೇ ಕರೆದ.

ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತು. ಅವನ ರಕ್ತದಲ್ಲಿ ಏನಿದೆಯೋ ಅವನಿಗೇ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಮನಸ್ಸೂ ಇಲ್ಲ. ಬಾಗಿಲುಗಳಂತೂ ತೆರೆದೇ ಇವೆ. ಇವಳೊಬ್ಬಳು ಬಾಯಿ ಮುಚ್ಚಿಕೊಂಡು ಮಾತ್ರೆ ನುಂಗಿದರೆ ಉಳಿದವರ ಗತಿ?

ಭಾನುವಾರ ಪ್ರಾರ್ಥನೆಯ ನಡುವೆ ಸಾಕ್ಷಿ ಹೇಳುವ ಹೊತ್ತು. ಎದ್ದು ನಿಂತು ದೇವರು ಮಾಡಿದ ಉಪಕಾರ ಹೇಳುವುದು ಅಲ್ಲಿನ ರೂಢಿ: ಕಿಡ್ನಿಯ ಕಲ್ಲು ಕರಗಿತು, ಮೊಮ್ಮಗನಿಗೆ ಕೆಲಸ ಸಿಕ್ಕಿತು. ಮುಂದಿನ ಬೆಂಚಿನಲ್ಲಿ ಬಿಳಿ ಉಡುಪಿನ ಹಿರಿಯ ಹೆಂಗಸರು ಬೀಸಣಿಗೆ ಆಡಿಸುತ್ತಿದ್ದರು. ವರ್ಲೀನ್ ಅವರ ನಡುವಿನಿಂದ ಎದ್ದಳು. ಮುಷ್ಕರದಲ್ಲಿ ಪೊಲೀಸರ ಲಾಠಿಯ ಮುಂದೆಯೂ ಅವಳಿಗೆ ಇಷ್ಟು ಭಯವಾಗಿರಲಿಲ್ಲ.

"ನಾನು ವಿಧವೆ. ಒಬ್ಬ ಗಂಡಸಿನ ಜೊತೆ ಮಲಗ್ತಿದ್ದೆ, ಕಾಂಡೋಮ್ ಇಲ್ಲದೆ."

ಬೀಸಣಿಗೆಗಳು ನಿಂತವು. ಪಾಸ್ಟರ್ ಕೆಮ್ಮಿದರು. "ಸಿಸ್ಟರ್ ವರ್ಲೀನ್, ಇದು ದೇವರ ಮನೆ."

"ಹೌದು ಪಾಸ್ಟರ್, ದೇವರಿಗೆ ಆಗಲೇ ಗೊತ್ತಿದೆ. ನಾನು ಹೇಳ್ತಿರೋದು ಇವರಿಗೆ." ಅವಳು ಬೆಂಚಿನ ಕಡೆ ತಿರುಗಿದಳು. "ಎಚ್‌ಐವಿಗೆ ನಮ್ಮ ನರೆ ಕಂಡು ಗೌರವ ಇಲ್ಲ ಕಣ್ರೇ. ಡಾಕ್ಟ್ರು ನಮ್ಮನ್ನ ಕೇಳಲ್ಲ, ಗಂಡಸರು ಹೇಳಲ್ಲ. ನಾನು ಬೆರಳು ಚುಚ್ಚಿಸ್ಕೊಂಡೆ. ನೀವೂ ಚುಚ್ಚಿಸ್ಕೊಳ್ಳಿ."

ಅವಳು ಯಾರ ಹೆಸರನ್ನೂ ಹೇಳಲಿಲ್ಲ. ಡೀಕನ್ ಮಾತ್ರ ತನ್ನ ಬೂಟಿನ ತುದಿ ನೋಡುತ್ತಿದ್ದ. ಎಲ್ಲ ಸಾಕ್ಷಿಗೂ ಏಳುವ ಆಮೆನ್ ಈ ಸಾಕ್ಷಿಗೆ ಏಳಲಿಲ್ಲ. ವರ್ಲೀನ್ ಕೂತಳು.

ಆಗ ಬೆಂಚಿನ ತುದಿಯಿಂದ ಎಂಬತ್ತು ದಾಟಿದ, ಚರ್ಚಿನವರೆಲ್ಲ ಮದರ್ ಎಂದು ಕರೆಯುವ ಓಝೆಲ್ಲಾ ಕೋಲು ಕುಟ್ಟಿದಳು. ಕಿವಿ ಮಂದವಾದ್ದರಿಂದ ಅವಳದು ಯಾವಾಗಲೂ ಇಡೀ ಚರ್ಚಿಗೆ ಕೇಳುವ ಪಿಸುಮಾತು.

"ಮಂಗಳವಾರ ಆ ಡಾಕ್ಟ್ರು ಇರ್ತಾನೇನೇ? ನಿನ್ನ ಕಾರಲ್ಲಿ ಎಷ್ಟು ಜನ ಹಿಡಿಸ್ತೀವಿ?"