ರಾಕೆಟ್ಟಿಗೆ ಎಣ್ಣೆನೀರು

ಬಂತು, ಮೊದಲನೇ ಬಹುಮಾನ ಬಂತು! ಸಾಗರದ ಶಾಲೆಗಳೆಲ್ಲ ಸೇರಿ ನಡೆಸಿದ ವಸ್ತುಪ್ರದರ್ಶನದಲ್ಲಿ ನನ್ನ ಮೊಮ್ಮಗಳ ರಾಕೆಟ್ಟೇ ಎಲ್ಲಕ್ಕಿಂತ ಚೆಂದ ಅಂದರು. ಎಷ್ಟು ಹಿಗ್ಗಿದೆನೆಂದರೆ, ಪಕ್ಕದಲ್ಲಿದ್ದ ಗುರುತಿಲ್ಲದ ಹೆಂಗಸಿನ ಕೈ ಹಿಡಿದು, "ಅದು ನಮ್ದು ಕಣ್ರೀ" ಅಂದುಬಿಟ್ಟೆ.

ಮನುಷ್ಯರು ಚಂದ್ರನ ಮೇಲೆ ಇಳಿದ ವರ್ಷ ಅದು. ಮೊಮ್ಮಗಳು ಎಂಟನೇ ಕ್ಲಾಸು. ಪೇಪರಿನಲ್ಲಿ ಬಂದ ರಾಕೆಟ್ಟಿನ ಚಿತ್ರವನ್ನು ಸ್ಕೇಲು ಹಿಡಿದು ಅಳೆದು, ಎರಡಡಿ ಎತ್ತರಕ್ಕೆ ಲೆಕ್ಕ ಹಾಕಿದಳು. ನಮ್ಮದು ಮರ ಕೆತ್ತುವವರ ಮನೆ. ನನ್ನ ಯಜಮಾನರು ಅದೇ ಅಳತೆಗೆ ಮರ ಕಡೆದು ಕೊಟ್ಟರು. ಬಿಳಿ ಬಣ್ಣ ಅವಳೇ ಬಳಿದಳು.

ಅಕ್ಷರ, ಬಾವುಟಗಳನ್ನು ಆ ಕಂಬದಂಥ ಉರುಟು ಮೈಮೇಲೆ ಕುಂಚದಲ್ಲಿ ಬರೆದರೆ ಸೊಟ್ಟಗಾಗುತ್ತಿತ್ತು. ಅದಕ್ಕೇ ದಪ್ಪ ಕಾಗದಕ್ಕೆ ಅನ್ನದ ಗಂಜಿ ಸವರಿ ಒಣಗಿಸಿ, ತೆಳ್ಳಗೆ ವಾರ್ನಿಷ್ ಬಳಿದು, ಮೇಲೆ ಚಿತ್ರ ಬರೆದು, ಮತ್ತೊಂದು ಕೈ ವಾರ್ನಿಷ್ ಎಳೆದಳು. ನೀರಿಗೆ ಹಾಕಿದರೆ ಗಂಜಿ ಕರಗಿ, ಚಿತ್ರ ಮಾತ್ರ ಈರುಳ್ಳಿಯ ಒಳಪೊರೆಯಂತೆ ಜಾರಿ ಬರುತ್ತಿತ್ತು. ಎಷ್ಟೋ ಸಲ ಕೆಟ್ಟು, ಕೊನೆಗೆ ಒಂದು ಸೆಟ್ಟು ಮಾತ್ರ ಸರಿಯಾಯಿತು.

ಪ್ರದರ್ಶನದ ದಿನ ಬೆಳಿಗ್ಗೆ ಅಂಟಿಸಲು ಕೂತರೆ ಬಾವುಟ ನಿಲ್ಲಲೇ ಇಲ್ಲ. ಜಾರಿ ಬುಡಕ್ಕೆ ಬಂತು.

"ಅಜ್ಜೀ, ಇದ್ಕೆ ಎಂತ ಹಚ್ಚಿದ್ದೆ?"

"ಎಂತಿಲ್ಲ ಮಗಾ. ಚೂರು ಕೊಬ್ಬರಿ ಎಣ್ಣೆ. ಹೊಳೀಲಿ ಅಂತ."

ನಮ್ಮಲ್ಲಿ ಕೆತ್ತಿ ಮುಗಿಸಿದ್ದು ಏನೇ ಇರಲಿ, ಹೊರಗೆ ಹೋಗುವ ಮುಂಚೆ ನಾನು ಎಣ್ಣೆಬಟ್ಟೆಯಲ್ಲಿ ಒರೆಸಬೇಕು. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಹೋಗಿತ್ತು.

ಅವಳ ಕಣ್ಣು ತುಂಬಿತು. "ಹತ್ತು ಗಂಟೆಗೆ ಅಲ್ಲಿ ಇಡ್ಬೇಕಜ್ಜೀ."

"ರಾಕೆಟ್ಟಿಗೂ ಎಣ್ಣೆ ಹಚ್ಚಿದ್ಯಾ ಮಾರಾಯ್ತಿ?" ಯಜಮಾನರು ನಕ್ಕರು. "ಇನ್ನೇನು, ತಲೆಗೆ ನೀರು ಹೊಯ್ಯಿ!"

ಅವರು ಅಂದದ್ದು ತಮಾಷೆಗೆ. ನಾನು ಎದ್ದವಳೇ ಅಂಟುವಾಳದ ಕಾಯಿ ಕಿವುಚಿ ನೊರೆ ಮಾಡಿ, ಬಟ್ಟೆ ಅದ್ದಿ ಮೂರು ಸಲ ಒರೆಸಿದೆ. ಒಣಗಿದ ಮೇಲೆ ಬೆರಳು ಎಳೆದರೆ ಕಿರ್ ಅಂದಿತು. ಬಾವುಟವೂ ಪುಣ್ಯಕ್ಕೆ ಹರಿದಿರಲಿಲ್ಲ. ಅವಳು ಮತ್ತೆ ತಟ್ಟೆಯ ನೀರಿಗೆ ಬಿಟ್ಟಿದ್ದಳು, ತೇಲುತ್ತಿತ್ತು.

ಅವಳು ಬಾವುಟ ಎತ್ತಲು ಹೋಗಿ ಎರಡು ಸಲ ಕೈ ಹಿಂದೆ ತೆಗೆದಳು. "ಕೊಡು ಇಲ್ಲಿ" ಅಂದೆ. ಮದುಮಕ್ಕಳ ಬಾಸಿಂಗಕ್ಕೆ ಬೆಂಡಿನ ತೆಳು ಎಸಳು ಅಂಟಿಸಿ ಪಳಗಿದ ಬೆರಳು ನನ್ನದು. ಆದರೆ ಓದಿದ್ದು ಎರಡನೇ ಕ್ಲಾಸು. ಆ ಇಂಗ್ಲಿಷ್ ಅಕ್ಷರಗಳಿಗೆ ತಲೆ ಯಾವುದು, ಕಾಲು ಯಾವುದು ತಿಳಿಯದು.

"ಮೇಲೆ ಅಜ್ಜೀ... ಅಯ್ಯೋ, ತಲೆಕೆಳಗಾಯ್ತು, ತಿರುಗ್ಸು... ಹಾಂ, ಅಲ್ಲೇ, ಅಲ್ಲೇ! ಉಸಿರು ಬಿಡ್ಬೇಡ!"

ಒಂದೊಂದೇ ಕೂತವು. ಕಡೆಯದು ಕೂತಾಗ ಅವಳು ನನ್ನ ಕುತ್ತಿಗೆ ತಬ್ಬಿ ಕುಣಿದ ಕುಣಿತಕ್ಕೆ ತಟ್ಟೆಯ ನೀರೆಲ್ಲ ನನ್ನ ಸೀರೆ ಮೇಲೆ. ಹತ್ತಕ್ಕೆ ಸರಿಯಾಗಿ ರಾಕೆಟ್ಟು ಮೇಜಿನ ಮೇಲಿತ್ತು.

ಅಂದು ಸಂಜೆ ದೀಪ ಹಚ್ಚುತ್ತಲೇ ಎಲೆ ಹಾಕಿದರು. ಯಾವಾಗಲೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ನಾನು. ಮೊಮ್ಮಗಳು ನನ್ನ ಕೈಯಿಂದ ಸೌಟು ಕಸಿದು, ಎಳೆದು ತನ್ನ ಪಕ್ಕ ಕೂರಿಸಿದಳು. ಯಜಮಾನರು, ಮಗ, ಸೊಸೆ, ಎಲ್ಲ ಒಂದೇ ಸಾಲು. ಸೊಸೆ ಮಾಡಿದ ಗಸಗಸೆ ಪಾಯಸ ನನ್ನ ಎಲೆಗೆ ಎರಡು ಸಲ ಬಿತ್ತು. ಬೇಡ ಅನ್ನಲಿಲ್ಲ.