ಕಪ್ಪು ಪರದೆಯ ಮೇಷ್ಟ್ರು

ನಮ್ಮ ಮೇಷ್ಟ್ರ ಫೋನಿನ ಪರದೆ ಯಾವಾಗಲೂ ಕಪ್ಪಗಿರುತ್ತಿತ್ತು. ಹುಟ್ಟಿನಿಂದ ಕಣ್ಣು ಕಾಣದವನಿಗೆ ಬೆಳಕು ಯಾಕೆ, ಬ್ಯಾಟರಿ ದಂಡ ಎಂದು ಅದನ್ನು ಆರಿಸಿಯೇ ಇಟ್ಟಿದ್ದರು. ಎಡ ಅಂಗೈಯಲ್ಲಿ ಫೋನನ್ನು ವೀಳ್ಯದೆಲೆಯ ಹಾಗೆ ಹರವಿಕೊಂಡು, ಬಲಗೈ ಬೆರಳಲ್ಲಿ ಸುಣ್ಣ ಸವರಿದಂತೆ ಸವರುತ್ತ, ತಲೆಯನ್ನು ತುಸು ಬಲಕ್ಕೆ ವಾಲಿಸಿ ಕೇಳುತ್ತಿದ್ದರು. ಒಳಗಿನ ಹೆಂಗಸಿನ ದನಿ ಪರದೆಯ ಮೇಲಿದ್ದುದನ್ನೆಲ್ಲ ಓದಿ ಹೇಳುತ್ತಿತ್ತು, ಅದೂ ಎಂಥ ವೇಗದಲ್ಲಿ! ನಮಗೆ ಬರೀ ಗುಳುಗುಳು. “ಸ್ವಲ್ಪ ನಿಧಾನಕ್ಕೆ ಇಡಿ ಸಾ” ಎಂದರೆ, “ನೀನು ಪೇಪರ್ ಓದುವಾಗ ಅಕ್ಷರ ಅಕ್ಷರ ಕೂಡುಸ್ಕೊಂಡು ಓದ್ತೀಯೇನಮ್ಮ?” ಎಂದು ನಗುತ್ತಿದ್ದರು.

ಮಿಡಿಗೇಶಿ ಕಡೆಯ ಹೈಸ್ಕೂಲೊಂದರಲ್ಲಿ ಅವರು ನಮಗೆ ಸಮಾಜ ಹೇಳಿಕೊಟ್ಟವರು. ಈಗ ನಾನು ಮಧುಗಿರಿಯಲ್ಲಿ ವೆಬ್‌ಸೈಟು ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತೇನೆ. ವೆಬ್‌ಸೈಟು ಹೇಗಿರಬೇಕು ಎಂದು ನನಗೆ ಕಲಿಸಿದ್ದೂ ಅವರೇ. ಅದಕ್ಕಾಗಿ ಅವರು ಏನು ಕಳೆದುಕೊಂಡರು ಎಂದು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ತರಗತಿಯಲ್ಲಿ ಪಾಠವನ್ನು ನಮ್ಮಿಂದಲೇ ಗಟ್ಟಿಯಾಗಿ ಓದಿಸುತ್ತಿದ್ದರು. ಮೊದಲು ತಲೆಬರಹ ಹೇಳಬೇಕು, ಆಮೇಲೆ ಓದಬೇಕು. ನಡುವೆ ಇದ್ದಕ್ಕಿದ್ದಂತೆ, “ಎಲ್ಲಿದೀವಿ ಈಗ?” ಎಂದು ಕೇಳುತ್ತಿದ್ದರು. ಯಾವ ಪಾಠ, ಯಾವ ಭಾಗ, ಎಷ್ಟನೇ ಪ್ಯಾರಾ ಎಂದು ತಕ್ಷಣ ಹೇಳಬೇಕಿತ್ತು. ಪ್ಲೈವುಡ್ಡಿನ ಮೇಲೆ ಗೋಣಿದಾರ ಅಂಟಿಸಿ ನದಿ, ಹುಣಸೆಬೀಜ ಅಂಟಿಸಿ ಊರು ಮಾಡಿದ ನಕಾಶೆಯೊಂದು ಅವರ ಹತ್ತಿರ ಇತ್ತು. ಪಾವಗಡಕ್ಕೆ ಮಾತ್ರ ಎರಡು ಬೀಜ, ಯಾಕೆಂದರೆ ಅದು ಅವರ ಊರು. ಒಮ್ಮೆ ಕರಿಹಲಗೆಯ ಮುಂದೆ ನಿಂತು ನದಿಯ ದಾರಿ ತೋರಿಸುತ್ತ ನಾನು, “ಸಾ, ಇದು ಇಲ್ಲಿಂದ ಹಿಂಗೆ ಬಂದು ಅದಕ್ಕೆ ಸೇರುತ್ತೆ” ಎಂದುಬಿಟ್ಟೆ. ಚಾಕ್‌ಪೀಸು ಹಾರಿಬಂದು ಸರಿಯಾಗಿ ನನ್ನ ಭುಜಕ್ಕೆ ಬಡಿಯಿತು. ದನಿ ಹಿಡಿದು ಗುರಿ ಇಡುವುದರಲ್ಲಿ ಅವರು ಪಳಗಿದವರು.

“ಏಮಮ್ಮಾ! ಇದು ಅಂದ್ರೆ ಯಾವ್ದು, ಅದು ಅಂದ್ರೆ ಯಾವ್ದು? ಅವಕ್ಕೇನು ಹೆಸ್ರಿಲ್ವಾ?”

ಸಿಟ್ಟು ಬಂದಾಗ ಅವರ ಬಾಯಲ್ಲಿ ಪಾವಗಡದ ತೆಲುಗು ಮೊದಲು ಬರುತ್ತಿತ್ತು, ಕನ್ನಡ ಆಮೇಲೆ.

ಓದು ಮುಗಿಸಿ, ಮಧುಗಿರಿ ಬಸ್‌ಸ್ಟ್ಯಾಂಡಿನ ಹತ್ತಿರ ಗೊಬ್ಬರದಂಗಡಿಯ ಮೇಲೆ ಒಂದು ರೂಮು ಹಿಡಿದು ಕಂಪ್ಯೂಟರ್ ಇಟ್ಟುಕೊಂಡು ಕೂತೆ. ಮೊದಲು ಸಿಕ್ಕ ದೊಡ್ಡ ಕೆಲಸ ಮೇಷ್ಟ್ರುಗಳ ಮನೆ ಕಟ್ಟುವ ಸಂಘವೊಂದರ ವೆಬ್‌ಸೈಟು. ಸಂಘದ ಹೆಸರು ಬೇಡ. ಕಾರ್ಯದರ್ಶಿಗಳು ಎದುರಿಗೇ ಕೂತು ಒಂದೊಂದೂ ಹೇಳಿ ಮಾಡಿಸಿದರು. ಮೇಲೆ ನಿರ್ದೇಶಕರ ಫೋಟೋಗಳು ಒಂದರ ಹಿಂದೆ ಒಂದು ಸರಿಯುತ್ತಿರಬೇಕು. ಅದರ ಕೆಳಗೆ ಕೆಂಪಕ್ಷರ ಓಡುತ್ತಿರಬೇಕು. ಪುಟ ತೆರೆದ ಕೂಡಲೇ ನಾದಸ್ವರ ಮೊಳಗಬೇಕು. ನಾನೂ ಹೊಸಬಳು, ಹೇಳಿದ್ದಕ್ಕೆಲ್ಲ ತಲೆಯಾಡಿಸಿದೆ. ನೋಟೀಸಿನ ಮಾತು ಬಂದಾಗ ಮಾತ್ರ, “ಟೈಪ್ ಮಾಡಿ ಹಾಕಣ್ವಾ ಸಾ?” ಎಂದು ಕೇಳಿದ್ದೆ.

“ನೋಟೀಸು ಅಂದ್ರೆ ಸೀಲಿರ್ಬೇಕು, ಸೈನಿರ್ಬೇಕು ಕಣಮ್ಮ. ಬರೀ ಅಕ್ಷರ ಹಾಕ್ಬುಟ್ರೆ ಯಾರ್ ನಂಬ್ತಾರೆ? ಫೋಟೋ ಹೊಡ್ದು ಹಾಕು.”

ಹಾಗೇ ಆಯಿತು. ಕಾಗದದಲ್ಲಿ ಅಚ್ಚು ಹಾಕಿ, ನೀಲಿ ಸೀಲು ಒತ್ತಿ, ಸಹಿ ಮಾಡಿ, ಅದರ ಫೋಟೋ ತೆಗೆದು ಏರಿಸುವುದು. ಇನ್ನು ಮೇಲೆ ಗೋಡೆಗೆ ನೋಟೀಸು ಅಂಟಿಸುವುದಿಲ್ಲ, ಎಲ್ಲವೂ ವೆಬ್‌ಸೈಟಿನಲ್ಲೇ ಎಂದು ಸಂಘ ಸಾರಿತು. ನನಗೋ ಹೆಮ್ಮೆಯೋ ಹೆಮ್ಮೆ.

ಆ ಸಂಘದಲ್ಲಿ ನಮ್ಮ ಮೇಷ್ಟ್ರು ಹದಿನಾಲ್ಕು ವರ್ಷದಿಂದ ಸದಸ್ಯರು ಎಂಬುದು ನನಗೆ ಗೊತ್ತೇ ಇರಲಿಲ್ಲ. ಅಷ್ಟರಲ್ಲಿ ಅವರಿಗೆ ಮಧುಗಿರಿಗೇ ವರ್ಗವಾಗಿತ್ತು. ಬಾಡಿಗೆ ಮನೆ ಬಿಡುವುದೆಂದರೆ ನಮಗೆ ಸಾಮಾನು ಸಾಗಿಸುವ ತಾಪತ್ರಯ ಅಷ್ಟೇ. ಅವರು ಊರನ್ನೇ ಹೊಸದಾಗಿ ಕಲಿಯಬೇಕಿತ್ತು. ಬಾಗಿಲಿಂದ ಗೇಟಿಗೆ ಎಷ್ಟು ಹೆಜ್ಜೆ, ಚರಂಡಿ ಎಲ್ಲಿ, ಕರೆಂಟು ಕಂಬ ಎಲ್ಲಿ, ಯಾವ ಮನೆಯ ನಾಯಿ ಬೊಗಳುತ್ತದೆ, ಯಾವುದು ಸುಮ್ಮನೆ ಬಂದು ಹಿಡಿಯುತ್ತದೆ. ನಾಲ್ಕು ಮನೆ ಹಾಗೆ ಕಲಿತು ಬಿಟ್ಟು, ಈಗ ಐದನೆಯದರಲ್ಲಿದ್ದರು. ಒಂದು ಸ್ವಂತ ಸೂರಾದರೆ ಒಂದೇ ಸಲ ಹೆಜ್ಜೆ ಎಣಿಸಿ ಮುಗಿಸಿಬಿಡುತ್ತೇನೆ ಎನ್ನುತ್ತಿದ್ದರಂತೆ.

ಒಂದು ಮಧ್ಯಾಹ್ನ ಅವರು ನನ್ನ ರೂಮಿನ ಮೆಟ್ಟಿಲು ಹತ್ತಿ ಬಂದರು. ಜೊತೆಗೆ ಹೆಂಡತಿ. ಆಕೆ ಗಡಿಯಾಚೆಯ ಹಳ್ಳಿಯವರು, ಓದಿದ್ದು ತೆಲುಗು, ಕನ್ನಡದ ಅಕ್ಷರ ಬಾರದು. “ಹದಿನೇಳು ಮೆಟ್ಲು, ಒಂಬತ್ತನೇದು ಒಡ್ದೋಗಿದೆ” ಎನ್ನುತ್ತಲೇ ಮೇಷ್ಟ್ರು ಒಳಗೆ ಬಂದರು. ಕುರ್ಚಿ ಎಳೆದು ಕೊಟ್ಟೆ, ಕೂರಲಿಲ್ಲ.

“ಸಂಘದ ವೆಬ್‌ಸೈಟು ಕಟ್ಟಿದ್ದು ನೀನೇನಮ್ಮ?”

“ಹೂಂ ಸಾ, ನಾನೇ!” ಎಂದೆ ಹಿಗ್ಗಿನಿಂದ. ಅವರು ಹೊಗಳಲು ಬಂದಿದ್ದಾರೆ ಎಂದುಕೊಂಡಿದ್ದೆ.

“ಹಂಗಾರೆ ಕಣ್ ಮುಚ್ಕೊ. ನಿವೇಶನಕ್ಕೆ ಅರ್ಜಿ ಕರ್ದಿದ್ ನೋಟೀಸು ಹುಡುಕ್ಕೊಡು.”

ಚೂಡಿದಾರದ ವೇಲನ್ನು ಹೆಂಡತಿಯ ಕೈಲಿ ನನ್ನ ಕಣ್ಣಿಗೆ ಕಟ್ಟಿಸಿದರು. ಮಾತಿನ ವೇಗ ತಗ್ಗಿಸಿ ತಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. ಪುಟ ತೆರೆಯಿತು, ನಾದಸ್ವರ ಮೊಳಗಿತು. ಅದರ ಅಬ್ಬರದಲ್ಲಿ ಫೋನಿನ ಹೆಂಗಸು ಏನು ಹೇಳುತ್ತಿದ್ದಾಳೆ ಎಂದೇ ಕೇಳಿಸಲಿಲ್ಲ. ವಾದ್ಯ ನಿಂತ ಮೇಲೆ ಕೇಳಿಸಿದ್ದು ಇಷ್ಟು: “ಚಿತ್ರ. ಚಿತ್ರ. ಚಿತ್ರ. ಹೆಸರಿಲ್ಲದ ಬಟನ್. ಇಲ್ಲಿ ಕ್ಲಿಕ್ ಮಾಡಿ. ಇಲ್ಲಿ ಕ್ಲಿಕ್ ಮಾಡಿ. ಚಿತ್ರ, ಐಎಂಜಿ ಸೊನ್ನೆ ಸೊನ್ನೆ ನಾಲ್ಕು ಎರಡು.” ಬೆರಳು ಸವರಿದೆ, ಮತ್ತೆ ಅದೇ. ಒಂದು ಬಟನ್ ಒತ್ತಿದೆ. ನೀವು ಮನುಷ್ಯರೇ ಎಂದು ಖಾತ್ರಿಪಡಿಸಲು ಬಸ್ಸಿರುವ ಚಿತ್ರಗಳನ್ನು ಆರಿಸಿ ಎಂದಿತು.

“ಮಿಡಿಗೇಶಿ ಬಸ್ ಯಾವ್ದು, ಪಾವಗಡದ್ ಯಾವ್ದು ಅಂತ ಸದ್ದಲ್ಲೇ ಹೇಳ್ತೀನಿ ಕಣಮ್ಮ” ಎಂದರು ಮೇಷ್ಟ್ರು. “ಆದ್ರೂ ನಿನ್ ವೆಬ್‌ಸೈಟಿಗೆ ನಾನ್ ಮನುಷ್ಯ ಅಂತ ಗೊತ್ತಾಗ್ಲಿಲ್ಲ.”

ಅರ್ಧ ಗಂಟೆ ತಡಕಾಡಿದೆ. ಬೆವರು ಇಳಿಯುತ್ತಿತ್ತು. ನಾನೇ ಕಟ್ಟಿದ್ದು, ನನಗೇ ದಾರಿ ಇಲ್ಲ.

“ಎಲ್ಲಿದೀಯ ಈಗ?” ಎಂದು ಕೇಳಿದರು, ತರಗತಿಯ ಅದೇ ದನಿಯಲ್ಲಿ.

“ಗೊತ್ತಿಲ್ಲ ಸಾ.”

“ನಂಗೂ ಗೊತ್ತಾಗ್ಲಿಲ್ಲ. ಪ್ರತಿ ಸೋಮವಾರ ಈ ಪುಟಕ್ಕೆ ಬಂದೆ. ಆ ಸೊನ್ನೆ ಸೊನ್ನೆ ನಾಲ್ಕು ಎರಡು ಅನ್ನೋದೇ ನೋಟೀಸಂತೆ, ನಾನ್ ಯಾವ್ದೋ ಸನ್ಮಾನದ್ ಫೋಟೋ ಅಂದ್ಕೊಂಡೆ. ಅರ್ಜಿ ಕೊಡೋ ದಿನ ಮುಗ್ದು ವಾರ ಆತಂತೆ.”

ಶಾಲೆಯ ಉಳಿದ ಮೇಷ್ಟ್ರುಗಳು ಅರ್ಜಿ ಹಾಕಿದ್ದರು. ಇವರಿಗೂ ಗೊತ್ತಿರುತ್ತದೆ ಬಿಡು ಎಂದುಕೊಂಡು ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ವೇಲು ಬಿಚ್ಚಿದಾಗ ನನ್ನ ಮುಖ ಯಾರಿಗೂ ತೋರಿಸುವ ಹಾಗಿರಲಿಲ್ಲ.

ಆಗಲೇ ಅವರನ್ನು ಕರೆದುಕೊಂಡು ಕಾರ್ಯದರ್ಶಿಗಳ ಹತ್ತಿರ ಹೋದೆ. ತಪ್ಪು ನನ್ನದು, ಇವರ ಅರ್ಜಿ ತಗೊಳ್ಳಿ ಎಂದು ಅಂಗಲಾಚಿದೆ. ಅವರು ಟೀ ತರಿಸಿದರು. “ದಿನಾಂಕ ಮುಗ್ದೋಗದೆ, ಏನ್ ಮಾಡಕಾಯ್ತದೆ? ಮನೇಲಿ ಯಾರಾದ್ರೂ ಓದಿ ಹೇಳ್ಬೇಕಿತ್ತಪ್ಪ” ಎಂದರು.

“ನಿಮ್ ನೋಟೀಸ್ ನಿಮ್ಗೆ ನಿಮ್ ಮನೆಯೋರು ಓದಿ ಹೇಳ್ತಾರಾ ಸಾ?” ಎಂದರು ಮೇಷ್ಟ್ರು.

ಕಾರ್ಯದರ್ಶಿಗಳು ಟೀ ಲೋಟವನ್ನು ಮೇಷ್ಟ್ರ ಕಡೆ ಸರಿಸಿದರು. ಮುಂದಿನ ಬಡಾವಣೆ ಆದಾಗ ಮೊದಲು ನಿಮ್ಮದೇ ಎಂದರು. ಥೂ, ಎಂಥ ಮಾತು! ಒಂದು ಕಾಗದ ಒಳಗೆ ಸೇರಿಸಿಕೊಳ್ಳಲು ಇವರ ಗಂಟೇನು ಹೋಗುತ್ತಿತ್ತು? ಕೈ ಹಿಡಿದು ರಸ್ತೆ ದಾಟಿಸುವುದಕ್ಕಾದರೆ ಹತ್ತು ಜನ ಓಡಿ ಬರುತ್ತಾರೆ, ಅವರ ಹಕ್ಕಿನದು ಕೊಡಿ ಎಂದರೆ ಎಲ್ಲರಿಗೂ ದಿನಾಂಕ ನೆನಪಾಗುತ್ತದೆ. ಮೇಷ್ಟ್ರು ಟೀ ಮುಟ್ಟದೆ ಎದ್ದರು. ನಾನೂ ಎದ್ದೆ, ಆದರೆ ನನಗೆ ಎದ್ದು ಬರುವ ಯೋಗ್ಯತೆ ಎಲ್ಲಿತ್ತು? ಅವರ ಬಾಗಿಲಿಗೆ ಬೀಗ ಜಡಿದವಳು ನಾನೇ ಅಲ್ಲವೇ?

ಮುಂದಿನ ಭಾನುವಾರ ಮೇಷ್ಟ್ರು ಮತ್ತೆ ಹದಿನೇಳು ಮೆಟ್ಟಿಲು ಹತ್ತಿ ಬಂದರು. “ಆ ವೆಬ್‌ಸೈಟು ಬಿಚ್ಚು, ಮೊದ್ಲಿಂದ ಕಟ್ಟಣ” ಎಂದರು.

“ನಿಮ್ಗಂತೂ ನಿವೇಶನ ಸಿಕ್ಕಲ್ವಲ್ಲ ಸಾ, ಇನ್ಯಾಕೆ?”

“ಮುಂದ್ಲ ಸಲ ಬಾಗ್ಲು ತಟ್ಟೋನು ನಾನೇ ಆಗಿರ್ಬೇಕಾ?”

ಎಷ್ಟೋ ಭಾನುವಾರ ಹಾಗೆ ಕೂತೆವು. ಜನ ಯಾವುದಕ್ಕಾಗಿ ಬರುತ್ತಾರೋ ಅದು ಎಲ್ಲಕ್ಕಿಂತ ಮೇಲಿರಬೇಕು, ನಿರ್ದೇಶಕರ ಮುಖ ಕೊನೆಗಿದ್ದರೂ ನಡೆಯುತ್ತದೆ ಎಂದರು. ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಬರೆದಿದ್ದಕ್ಕೆ, ಇಲ್ಲಿ ಎಂದರೆ ಎಲ್ಲಿ ಎಂದು ಹಳೇ ಚಾಕ್‌ಪೀಸಿನ ಏಟನ್ನು ನೆನಪಿಸಿದರು. ‘ನಿವೇಶನದ ಅರ್ಜಿ ತುಂಬಿ’ ಎಂದು ತಿದ್ದಿದೆ. ಅರ್ಜಿಯಲ್ಲಿ ತಪ್ಪಾದರೆ ಬರೀ ತಪ್ಪು ಎಂದು ಬೈದು ಕಳಿಸಬಾರದು, ಯಾವ ಸಾಲು ತಪ್ಪು, ಏನು ಬರೆಯಬೇಕಿತ್ತು ಎಂದು ಹೇಳಬೇಕು, ಪರೀಕ್ಷೆ ಪೇಪರ್ ತಿದ್ದಿದ ಹಾಗೆ. ಮೇಷ್ಟ್ರ ಹೆಂಡತಿ ನನ್ನ ತೆಳು ಬೂದು ಬಣ್ಣದ ಅಕ್ಷರ ನೋಡಿ, “ಇವೇಮಿ, ಚೀಮಲಾ?” ಎಂದರು. ಇರುವೆಗಳೇ ಎಂದು ಕೇಳಿದ್ದು. ಅಕ್ಷರ ದಪ್ಪವಾಯಿತು, ಕಪ್ಪಾಯಿತು, ಬಸ್‌ಸ್ಟ್ಯಾಂಡಿನ ಬಿಸಿಲಲ್ಲಿ ನಿಂತು ಓದುವ ಹಾಗಾಯಿತು. ನಾದಸ್ವರವನ್ನು ಕಿತ್ತು ಬಿಸಾಕಿದೆ.

ಚಿತ್ರ ಹಾಕಲೇಬೇಕಾದರೆ, ಅದರ ಬೆನ್ನಿಗೆ ನಾಲ್ಕು ಮಾತು ಬರೆದಿಡುವ ಜಾಗವೊಂದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಓದಿ ಹೇಳುವ ಫೋನಿಗೆ ಮಾತ್ರ ಸಿಗುತ್ತದೆ. ಕಾಲೇಜಿನಲ್ಲಿ ಅದನ್ನು ಒಂದು ಅಂಕದ ಪ್ರಶ್ನೆಗೆಂದು ಉರು ಹೊಡೆದಿದ್ದೆ. “ಅಲ್ಲಿ ಬರೀವಾಗ ಕದೀಬ್ಯಾಡ” ಎಂದರು ಮೇಷ್ಟ್ರು. “ನೀನ್ ಕಂಡಿದ್ದಷ್ಟೂ ನಂಗೆ ಹೇಳು.”

ಹೊಸ ವೆಬ್‌ಸೈಟು ಕಾರ್ಯದರ್ಶಿಗಳಿಗೆ ಬೋಳುಬೋಳು ಅನ್ನಿಸಿತು. ತಿಂಗಳೊಳಗೆ ಮತ್ತೆ ಸೀಲು ಹಾಕಿದ ಫೋಟೋ ಏರಿಸಿದರು. ನಾನು ಫೋನಿನಲ್ಲೇ ಜಗಳ ತೆಗೆದೆ, ಅವರು ಬಗ್ಗಲಿಲ್ಲ. ಅಂದಿನಿಂದ ಅವರು ಫೋಟೋ ಹಾಕುವುದು, ನಾನು ಅದನ್ನು ಕೂತು ಟೈಪ್ ಮಾಡಿ ಕೆಳಗೆ ಹಾಕುವುದು. ಪ್ರತಿ ಸೋಮವಾರ ಮೇಷ್ಟ್ರು ಆ ಪುಟಕ್ಕೆ ಬಂದು ಕೇಳಿ ಹೋಗುತ್ತಾರೆ ಎಂದು ನನಗೆ ಗೊತ್ತಿತ್ತು. ಮುಂದಿನ ಬಡಾವಣೆಯ ನೋಟೀಸು ಮಾತ್ರ ಬರಲೇ ಇಲ್ಲ.

ಆಮೇಲೆ ಮಾಲೀಕರು ಮಗನ ಮದುವೆ ಎಂದು ಮೇಷ್ಟ್ರ ಬಾಡಿಗೆ ಮನೆ ಬಿಡಿಸಿದರು. ಆರನೇ ಮನೆ. ಮೇಷ್ಟ್ರು ಹೊಸದಾಗಿ ಹೆಜ್ಜೆ ಎಣಿಸತೊಡಗಿದ ನಾಲ್ಕನೇ ದಿನ, ಚಪ್ಪಡಿ ಇಲ್ಲದ ಚರಂಡಿಗೆ ಕಾಲಿಟ್ಟರು. ಸೊಂಟದ ಮೂಳೆ ಮುರಿಯಿತು. ನೋಡಲು ಹೋದಾಗ, “ಆ ಚರಂಡಿಗೂ ನಿನ್ ಹಳೇ ಬಟನ್ ತರ ಹೆಸ್ರೇ ಬರ್ದಿರ್ಲಿಲ್ಲ ಕಣಮ್ಮ” ಎಂದು ನಕ್ಕರು. ನಾನು ಅತ್ತುಬಿಟ್ಟೆ. ಆ ಬಿದ್ದದ್ದಕ್ಕೂ ನನ್ನ ವೆಬ್‌ಸೈಟಿಗೂ ಸಂಬಂಧವಿಲ್ಲ ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಸಂಬಂಧ ಇದೆ. ಅಂದು ಆ ನೋಟೀಸು ಅವರ ಕಿವಿಗೆ ಬಿದ್ದಿದ್ದರೆ, ಅವರು ತಮ್ಮ ಸ್ವಂತ ಅಂಗಳದ ಹೆಜ್ಜೆ ಎಣಿಸುತ್ತಿದ್ದರು.

ಮತ್ತೆ ಮೊದಲಿನಂತೆ ನಡೆಯಲಿಲ್ಲ. ಹಾಸಿಗೆಯಲ್ಲೇ ಫೋನು ಸವರುತ್ತ ಒಂದು ವರ್ಷ ಕಳೆದರು. ಎದೆಯಲ್ಲಿ ಕಫ ಕಟ್ಟಿ ಒಂದು ಬೆಳಿಗ್ಗೆ ಹೋಗಿಬಿಟ್ಟರು.

ಮೂರನೇ ದಿನಕ್ಕೆ ಸಂಘದಿಂದ ನನ್ನ ಫೋನಿಗೆ ಒಂದು ಚಿತ್ರ ಬಂತು. ಭಾವಪೂರ್ಣ ಶ್ರದ್ಧಾಂಜಲಿ. ಶಿಕ್ಷಕರ ದಿನಾಚರಣೆಯಲ್ಲಿ ತೆಗೆದ ಅವರ ಫೋಟೋ, ಕೆಳಗೆ ನಾಲ್ಕು ಸಾಲು ಹೊಗಳಿಕೆ, ಅದರ ಕೆಳಗೆ ಕಾರ್ಯದರ್ಶಿಗಳ ಸಹಿ, ನೀಲಿ ಸೀಲು. ಸಾವಿಗೂ ಸೀಲು! ಇದೂ ಫೋಟೋ, ಮೇಷ್ಟ್ರಿಗೆ ಓದಲಾಗದಂಥದ್ದೇ. “ಟೈಪ್ ಗೀಪ್ ಏನೂ ಬ್ಯಾಡಮ್ಮ, ಫೋಟೋ ಹಾಕ್ಬುಡು ಸಾಕು” ಎಂದು ಜೊತೆಗೊಂದು ಮಾತು. ಫೋನನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು.

ಎಸೆಯಲಿಲ್ಲ. ಸಂಘದವರು ಹೇಳಿದಂತೆಯೇ ಫೋಟೋ ಹಾಕಿದೆ. ಆಮೇಲೆ ಅದರ ಬೆನ್ನಿಗಿರುವ ಜಾಗದಲ್ಲಿ ಕೂತು ಬರೆದೆ. ಕಾರ್ಯದರ್ಶಿಗಳಿಗೆ ಇವತ್ತಿಗೂ ಅದು ಗೊತ್ತಿಲ್ಲ, ಕಣ್ಣಿಂದ ಓದುವ ಯಾರಿಗೂ ಗೊತ್ತಿಲ್ಲ. ಮೇಷ್ಟ್ರಂಥವರು ಯಾರಾದರೂ ಆ ಪುಟಕ್ಕೆ ಬಂದು ಬೆರಳು ಸವರಿದರೆ, ನಮ್ಮ ಮೇಷ್ಟ್ರ ಪೂರ್ತಿ ಹೆಸರು ಹೇಳಿ, ಫೋನಿನ ಹೆಂಗಸು ಹೀಗೆ ಓದುತ್ತಾಳೆ:

“ಚಿತ್ರದಲ್ಲಿ ನಮ್ಮ ಸಮಾಜದ ಮೇಷ್ಟ್ರು. ಬಿಳಿ ಅರ್ಧ ತೋಳಿನ ಶರ್ಟು, ಜೇಬಿನಲ್ಲಿ ಎರಡು ಚಾಕ್‌ಪೀಸು. ಎಡ ಅಂಗೈಯಲ್ಲಿ ಪರದೆ ಆರಿಸಿದ ಫೋನು. ತಲೆ ತುಸು ಬಲಕ್ಕೆ ವಾಲಿದೆ, ಕೇಳುತ್ತಿದ್ದಾರೆ. ಹದಿನಾಲ್ಕು ವರ್ಷಕ್ಕೂ ಮಿಕ್ಕಿ ಈ ಸಂಘದ ಸದಸ್ಯರಾಗಿ ಕಾದರು, ನಿವೇಶನ ಸಿಗಲಿಲ್ಲ. ನೋಟೀಸನ್ನು ನಾವು ಚಿತ್ರವಾಗಿ ಹಾಕಿದ್ದೆವು.”