ಉಳಿದ ಒಂಬತ್ತು ಪಾಲು

ರಾಮಲಿಂಗಯ್ಯನಿಗೆ ಐವತ್ನಾಲ್ಕು ವರ್ಷ. ಅಷ್ಟು ವರ್ಷದಲ್ಲಿ ಅವನ ಬಾಯಿಮಾತನ್ನು ನಂಬಿ ಒಂದು ಎಳೆ ನೂಲು ಕೊಟ್ಟವರಿಲ್ಲ. ಹಿಂದೂಪುರದಲ್ಲಿ ಕೂಲಿಗೆ ರೇಷ್ಮೆ ಸೀರೆ ನೇಯುವವರ ಹಣೆಬರಹವೇ ಅಷ್ಟು. ಸಾಹುಕಾರ ಸಂಜೀವಪ್ಪ ನೂಲನ್ನು ತೂಗಿ ಕೊಡುತ್ತಾನೆ, ನೇಯ್ದ ಸೀರೆಯನ್ನು ತೂಗಿ ತೆಗೆದುಕೊಳ್ಳುತ್ತಾನೆ, ಉಳಿದ ಚಿಂದಿ ನೂಲನ್ನೂ ತೂಗುತ್ತಾನೆ. ಐದು ಗ್ರಾಂ ಕಡಿಮೆ ಬಂತೋ, ಕೂಲಿಯಲ್ಲಿ ಮುರಿದುಕೊಂಡ ಅಂತಲೇ ಲೆಕ್ಕ.

ಇಂಥ ಮನುಷ್ಯನಿಗೆ ಡಿಸೆಂಬರ್ ತಿಂಗಳಲ್ಲಿ ಹೆಂಡತಿ ಪದ್ಮಾವತಮ್ಮ ಬಂದು, "ಈ ಭಾನುವಾರ ಸಭೇಲಿ ದಶಮಾಂಶದ ಬಗ್ಗೆ ಕೇಳ್ತಾರಂತೆ, ಇಬ್ರೂ ಬರಬೇಕಂತೆ" ಅಂದರೆ ಅವನಿಗೆ ಏನನ್ನಿಸಬೇಕು? ಮೈ ಉರಿದುಹೋಯಿತು.

"ಏನ್ ಕೇಳ್ತಾರೆ? ಕೊಟ್ಟಿದೀನಲ್ಲ ಪ್ರತಿ ತಿಂಗಳೂ! ಇವರದೂ ತಕ್ಕಡಿ ಸುರುವಾಯ್ತಾ?"

"ಕೂಗಬೇಡ ಕಣಯ್ಯಾ. ಬೀದಿಗೆಲ್ಲ ಕೇಳುಸ್ತದೆ."

"ಕೇಳಲಿ ಬಿಡು!"

ಮೂರು ವರ್ಷದ ಹಿಂದೆ ಬಿಳಿ ಅಂಗಿ, ಕಪ್ಪು ಟೈ ಹಾಕಿದ ಇಬ್ಬರು ಹುಡುಗರು ಮಗ್ಗದ ಸದ್ದು ಕೇಳಿ ಒಳಗೆ ಬಂದಿದ್ದರು. ಮಾರ್ಮನ್ ಸಭೆಯವರು. ಅವರನ್ನು ಬೈದು ಓಡಿಸಲು ರಾಮಲಿಂಗಯ್ಯ ಗುಂಡಿ ಮಗ್ಗದಿಂದ ಮೇಲೆದ್ದೂ ಇದ್ದ. ಅಷ್ಟರಲ್ಲಿ ಪದ್ಮಾವತಮ್ಮ ಗೋಡೆಯ ಮೇಲಿನ ಫೋಟೋ ತೋರಿಸಿ, "ಸತ್ತೋದ ಮಗೀನ ಬಗ್ಗೆ ನಿಮ್ಮ ದೇವರು ಏನಂತಾನಪ್ಪಾ?" ಅಂತ ಕೇಳಿಬಿಟ್ಟಳು. ಬನಶ್ರೀ ಅವರ ಒಬ್ಬಳೇ ಮಗಳು. ಕಲ್ಯಾಣದುರ್ಗದಲ್ಲಿ, ಪದ್ಮಾವತಮ್ಮನ ತವರಿನಲ್ಲಿ ಹುಟ್ಟಿ, ನಾಲ್ಕು ವರ್ಷಕ್ಕೆ ಅಲ್ಲೇ ಜ್ವರದಲ್ಲಿ ಹೋದವಳು. ಹುಡುಗರಲ್ಲಿ ಒಬ್ಬ ಹೇಳಿದ: ದೇವಾಲಯದಲ್ಲಿ ತಂದೆ, ತಾಯಿ, ಮಗುವನ್ನು ಒಂದು ಕುಟುಂಬವಾಗಿ ಮುದ್ರೆ ಹಾಕಿ ಸೇರಿಸುತ್ತೇವೆ, ಸತ್ತ ಮೇಲೂ ಅದು ಬಿಚ್ಚುವುದಿಲ್ಲ.

ಅವತ್ತಿನಿಂದ ಪದ್ಮಾವತಮ್ಮನಿಗೆ ಬೇರೆ ಮಾತೇ ಇಲ್ಲ. ಗಂಡ ಹೆಂಡತಿ ಇಬ್ಬರೂ ದೀಕ್ಷಾಸ್ನಾನಕ್ಕೆ ನೀರಿನಲ್ಲಿ ಮುಳುಗಿ ಎದ್ದು ಸಭೆಗೆ ಸೇರಿದರು. ಅವನು ಬೀಡಿ ಬಿಟ್ಟ, ಸಾರಾಯಿ ಬಿಟ್ಟ. ಬಿಡಲಾರದೆ ಬಿಡಲಾರದೆ ಕಡೆಗೆ ಟೀಯನ್ನೂ ಬಿಟ್ಟ. ಬೆಂಗಳೂರಿನಲ್ಲಿ ದೇವಾಲಯ ಕಟ್ಟುತ್ತಿದ್ದಾರೆ, ಬಾಗಿಲು ತೆರೆದ ಮೊದಲ ವಾರವೇ ಹೋಗಬೇಕು ಎನ್ನುವುದು ಅವಳ ಹಟ. ಒಳಗೆ ಬಿಡಬೇಕಾದರೆ ಸಭೆಯ ಅಧ್ಯಕ್ಷರ ಚೀಟಿ ಬೇಕು. ಆ ಚೀಟಿ ಸಿಗಬೇಕಾದರೆ ದುಡಿದ ಹತ್ತರಲ್ಲಿ ಒಂದು ಪಾಲು, ದಶಮಾಂಶ, ಪೂರ್ತಿ ಕೊಟ್ಟಿರಬೇಕು. ಮುದ್ರೆ ಹಾಕಿಸಲು ಬೇಕಾದ ಮಗಳ ಜನನದ ದಾಖಲೆ ತರಲು ಅವಳು ಎರಡು ಸಲ ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದಳು. ಎರಡನೇ ಸಲ ಕಾಗದ ಸಿಕ್ಕಿತು. ಅದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ. ಬರೀ "ಹೆಣ್ಣು" ಅಂತಿತ್ತು. ಬಸ್ಸಿನಲ್ಲಿ ಕೂತು ದಾರಿಯುದ್ದಕ್ಕೂ ಅತ್ತಳಂತೆ.

ಭಾನುವಾರ ರಾಮಲಿಂಗಯ್ಯ ಯುದ್ಧಕ್ಕೆ ಹೊರಟವನ ಹಾಗೆ ಹೊರಟ. ಕಂಕುಳಲ್ಲಿ ಒಂದು ಬಟ್ಟೆ ಚೀಲ. ಅದರಲ್ಲಿ ಬ್ಯಾಂಕಿನ ಪಾಸ್‌ಬುಕ್ಕು, ಸಂಜೀವಪ್ಪನ ಕೂಲಿ ಚೀಟಿಗಳು, ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಆಧಾರ್ ಕಾರ್ಡು. ಕೇಳಿದ್ದನ್ನೆಲ್ಲ ಮುಖಕ್ಕೆ ಎಸೆಯಬೇಕು ಅಂತ.

ಸಭೆ ನಡೆಯುವುದು ಬಾಡಿಗೆ ಮನೆಯ ಮೇಲಂತಸ್ತಿನಲ್ಲಿ. ಅಧ್ಯಕ್ಷ ಆನಂದಕುಮಾರ್ ವಾರವೆಲ್ಲ ಸ್ಕೂಟರ್ ರಿಪೇರಿ ಮಾಡುವವನು. ಸಭೆಯಿಂದ ಅವನಿಗೆ ಒಂದು ಪೈಸೆ ಸಂಬಳವಿಲ್ಲ. ಸೋಪು ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಆಯಿಲ್ ಹೋಗಿರಲಿಲ್ಲ. ಗಂಡ ಹೆಂಡತಿಯನ್ನು ಒಳಗೆ ಕೂರಿಸಿ ಬಾಗಿಲು ಹಾಕಿ, ಸಣ್ಣ ಪ್ರಾರ್ಥನೆ ಮಾಡಿ, ಇಬ್ಬರ ಮುಂದೆಯೂ ಒಂದೊಂದು ಹಾಳೆ ಇಟ್ಟ. ಈ ವರ್ಷ ಲಕೋಟೆಯಲ್ಲಿ ಹಾಕಿ ಕೊಟ್ಟಿದ್ದರ ಪಟ್ಟಿ ಅದು.

"ರಾಮಲಿಂಗಣ್ಣ, ಸರಿಯಾಗಿದೆಯಾ ನೋಡಿ. ಆಮೇಲೆ ಒಂದೇ ಮಾತು. ನೀವು ಕೊಟ್ಟಿದ್ದು ಪೂರ್ತಿ ದಶಮಾಂಶಾನಾ?"

"ಪೂರ್ತಿ!" ಅಂದವನೇ ರಾಮಲಿಂಗಯ್ಯ ಚೀಲವನ್ನು ಮೇಜಿನ ಮೇಲೆ ಕುಕ್ಕಿದ. "ತಗೊಳ್ಳಪ್ಪಾ, ನೋಡ್ಕೊ. ಒಂದೊಂದು ಚೀಟೀನೂ ಐತೆ."

ಆನಂದಕುಮಾರ್ ಚೀಲ ಮುಟ್ಟಲಿಲ್ಲ. "ಬೇಡಣ್ಣಾ. ನೀವು ಪೂರ್ತಿ ಅಂದ್ರಲ್ಲ, ನಾನು ಪೂರ್ತಿ ಅಂತ ಬರ್ಕೊಂಡೆ."

"ನೋಡಲ್ವಾ?"

"ಇಲ್ಲ."

"ಸಾಹುಕಾರನ್ನ ಕೇಳಲ್ವಾ?"

"ಯಾಕಣ್ಣಾ ಕೇಳಲಿ? ಅದು ನಿಮಗೂ ದೇವರಿಗೂ ಬಿಟ್ಟಿದ್ದು."

"ಮತ್ತೆ ಯಾರಾದ್ರೂ ಸುಳ್ಳು ಹೇಳಿದ್ರೆ?"

"ಹೇಳಬಹುದು" ಅಂದ ಆನಂದಕುಮಾರ್. "ನಂಗೆ ಗೊತ್ತಾಗಲ್ಲ."

ಮೆಟ್ಟಿಲಿಲ್ಲದ ಕಡೆ ಕಾಲಿಟ್ಟವನ ಹಾಗಾಯಿತು ರಾಮಲಿಂಗಯ್ಯನಿಗೆ. ಬೆಳಿಗ್ಗೆಯಿಂದ ಹಲ್ಲು ಕಡಿದು ಜೋಡಿಸಿಟ್ಟುಕೊಂಡಿದ್ದ ಬೈಗುಳಗಳೆಲ್ಲ ದಂಡವಾದವು. ಏನು ಮಾಡಬೇಕೋ ತಿಳಿಯದೆ ಹೆಂಡತಿಯ ಮುಂದಿದ್ದ ಹಾಳೆಯ ಕಡೆ ನೋಡಿದ. ಅದು ಖಾಲಿ ಇರಬೇಕಿತ್ತು. ಅವಳಿಗೆ ಕೂಲಿಯೇ ಇಲ್ಲವಲ್ಲ! ಲಾಳಿಯ ಕಂಡಿಕೆಗೆ ನೂಲು ಸುತ್ತುವುದು, ಎಳೆ ಜೋಡಿಸುವುದು ಎಲ್ಲ ಅವನ ಕೂಲಿಯಲ್ಲೇ ಸೇರಿಹೋಗುವ ಕೆಲಸ. ಆದರೆ ಹಾಳೆಯಲ್ಲಿ ನಾಲ್ಕು ಸಾಲು ಇದ್ದವು. ಮೂರು ತಿಂಗಳಿಗೊಮ್ಮೆ ಅರವತ್ತು, ಎಪ್ಪತ್ತು ರೂಪಾಯಿ, ಹೀಗೆ.

"ಇದೇನಮ್ಮೇ ಇದು? ನಿಂಗೆಲ್ಲಿಂದ ಬಂತು ದುಡ್ಡು?"

ಪದ್ಮಾವತಮ್ಮ ಸೆರಗು ಸರಿಮಾಡಿಕೊಂಡು ತಣ್ಣಗೆ ಹೇಳಿದಳು. "ರೇಷ್ಮೆದು."

"ಯಾವ ರೇಷ್ಮೆ?"

"ಅದೇ ಕಣಯ್ಯಾ, ನೀನು ಉಳಿಸ್ತೀಯಲ್ಲ ಅದು. ಗೋರಂಟ್ಲದ ಬೀರಕ್ಕನಿಗೆ ಸೀರೆ ಕುಚ್ಚಿಗೆ ಕೊಡ್ತೀನಲ್ಲ. ಬಂದಿದ್ರಲ್ಲಿ ಹತ್ತಕ್ಕೊಂದು ತೆಗೆದು ನನ್ನ ಹೆಸರಲ್ಲಿ ಹಾಕಿದೀನಿ. ಒಂದು ಸಲಾನೂ ತಪ್ಪಿಸಿಲ್ಲ."

ರಾಮಲಿಂಗಯ್ಯನ ಕಿವಿ ಕೆಂಪಾಯಿತು. ಹಿಂದೂಪುರದ ಮಗ್ಗಗಳ ಗುಟ್ಟು ಅದು, ಹೊರಗಿನವರ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. ಸೀರೆ ಒಪ್ಪಿಸುವ ಹಿಂದಿನ ದಿನ ಅದನ್ನು ಒದ್ದೆ ಮರಳಿನ ಗಡಿಗೆಯ ಮೇಲೆ ಹರಡಿದರೆ ರೇಷ್ಮೆ ತೇವ ಕುಡಿದು ಹದಿನೈದು ಇಪ್ಪತ್ತು ಗ್ರಾಂ ಭಾರ ಬರುತ್ತದೆ. ಅಷ್ಟು ನೂಲು ನೇಕಾರನ ಮನೆಯಲ್ಲೇ ಉಳಿಯುತ್ತದೆ. ಅದಕ್ಕೆ ಯಾರೂ ಕಳ್ಳತನ ಅನ್ನುವುದಿಲ್ಲ, ಕೈಗೆ ಅಂಟಿದ್ದು ಅನ್ನುತ್ತಾರೆ. ಅವನ ಅಪ್ಪನೂ ಹಾಗೇ ಅಂದಿದ್ದ. ಅದು ದುಡಿಮೆ ಅಂತ ಅವನಿಗೆ ಹೊಳೆದೇ ಇರಲಿಲ್ಲ, ಹಾಗಾಗಿ ದಶಮಾಂಶವೂ ನೆನಪಾಗಿರಲಿಲ್ಲ.

"ಕದ್ದಿದ್ರಲ್ಲೂ ದೇವರಿಗೆ ಪಾಲು ಕೊಟ್ಟಿದೀಯೇನೇ?" ಅಂದ. ಕದ್ದಿದ್ದು ಎಂಬ ಮಾತು ತನ್ನ ಬಾಯಿಂದಲೇ ಬಂತಲ್ಲ ಅಂತ ಅವನೇ ಬೆಚ್ಚಿದ.

"ಕೊಡದೆ ಇನ್ನೇನು? ಚೌಡಮ್ಮನಿಗೆ ಮೀಸಲು ತೆಗೀತಿರಲಿಲ್ವಾ ನಿಮ್ಮಮ್ಮ? ಮೀಸಲು ತೆಗೆದ ಮೇಲೆ ಉಳಿದಿದ್ದೆಲ್ಲ ಮಡಿ ಅನ್ನೋರು. ಇಲ್ಲೂ ಹಂಗೇ ಅಂದ್ಕೊಂಡೆ. ಅಲ್ವೇನಪ್ಪಾ ಆನಂದ?"

ಆನಂದಕುಮಾರ್ ಹಣೆ ಒರೆಸಿಕೊಂಡ. ಸ್ಕೂಟರಿನ ಕಷ್ಟವಾದರೆ ಒಂದು ಸ್ಪ್ಯಾನರ್ ಹುಡುಕುತ್ತಿದ್ದ, ಪಾಪ.

"ಪದ್ಮಕ್ಕಾ, ದಶಮಾಂಶದಲ್ಲಿ ನಿಮ್ಮನ್ನ ಮೀರಿಸಿದೋರು ಈ ಸಭೇಲಿಲ್ಲ" ಅಂದ ಮೆತ್ತಗೆ. "ಆದ್ರೆ ಉಳಿದ ಒಂಬತ್ತು ಪಾಲು ದೇವರದ್ದೂ ಅಲ್ಲ, ನಿಮ್ಮದ್ದೂ ಅಲ್ಲವಲ್ಲಕ್ಕಾ. ದೇವಾಲಯದ ಚೀಟಿ ಕೊಡುವಾಗ ಇನ್ನೊಂದು ಪ್ರಶ್ನೆ ಕೇಳಬೇಕು ನಾನು. ಎಲ್ಲರ ಹತ್ರಾನೂ ಪ್ರಾಮಾಣಿಕವಾಗಿ ನಡ್ಕೊಳ್ತೀರಾ ಅಂತ. ಅದಕ್ಕೂ ನೀವು ಹೇಳಿದ್ದನ್ನೇ ನಾನು ಬರ್ಕೊಳ್ಳೋದು. ಇವತ್ತು ಕೇಳಲ್ಲ. ನೀವು ಯಾವತ್ತು ಬಂದು ಕೇಳು ಅಂತೀರೋ ಅವತ್ತು ಕೇಳ್ತೀನಿ."

ಪದ್ಮಾವತಮ್ಮನ ಮುಖ ಬಿಳಿಚಿಹೋಯಿತು. ಮನೆಗೆ ಹೋಗುವ ದಾರಿಯಲ್ಲಿ ಅವಳು ಒಂದೇ ಮಾತು ಆಡಿದ್ದು. "ಹೂಂ ಅಂದ್ಬುಡು. ಅವನೇನು ನೋಡಕ್ಕೆ ಬರ್ತಾನಾ?"

"ನೋಡಕ್ಕೆ ಬಂದಿದ್ರೆ ಅಂದ್ಬುಡ್ತಿದ್ದೆ ಕಣೇ!" ಎಂದು ನಡುಬೀದಿಯಲ್ಲಿ ಕಿರುಚಿದ ರಾಮಲಿಂಗಯ್ಯ. ಹೂವು ಮಾರುತ್ತಿದ್ದವಳು ಬೆಚ್ಚಿ ತಿರುಗಿ ನೋಡಿದಳು. "ತಕ್ಕಡಿ ಇಟ್ಟೋನಿಗೆ ಮೋಸ ಮಾಡಬಹುದು. ಏನೂ ಇಡದೆ ಸುಮ್ನೆ ಕೂತೋನಿಗೆ ಹೆಂಗೆ ಮಾಡ್ಲಿ? ನಿನ್ನ ಮಗಳ ಮುಂದೆ ಸುಳ್ಳು ಹೇಳ್ಕೊಂಡು ಹೋಗಿ ನಿಂತ್ಕೊಳ್ಲಾ?"

ಎರಡು ದಿನ ಮಗ್ಗ ಮುಟ್ಟಲಿಲ್ಲ, ಸರಿಯಾಗಿ ಉಣ್ಣಲಿಲ್ಲ. ಮೂರನೇ ದಿನ ಬೆಳಿಗ್ಗೆ ಸಂಜೀವಪ್ಪನ ಅಂಗಡಿಗೆ ಹೋಗಿ ಎಲ್ಲ ಹೇಳಿಬಿಟ್ಟ. ಒದ್ದೆ ಮರಳು, ಗಡಿಗೆ, ಬೀರಕ್ಕ, ಕುಚ್ಚು, ಎಲ್ಲ.

ಸಂಜೀವಪ್ಪ ಎದ್ದು ಹೋಗಿ ಅಂಗಡಿಯ ಷಟರ್ ಅರ್ಧ ಎಳೆದು ಬಂದ.

"ಯಾರ್ಲಾ ನಿನ್ನ ಹಿಡಿದಿದ್ದು?"

"ಯಾರೂ ಹಿಡೀಲಿಲ್ಲ ಯಜಮಾನ್ರೇ. ಅದೇ ಆಗಿರೋ ತೊಂದ್ರೆ."

"ಹಿಡೀದೆ ಬಂದು ಹೇಳ್ತಿದೀಯಾ? ಪಿಚ್ಚಿ ಪಟ್ಟಿಂದಾ ನೀಕು?" ಹುಚ್ಚು ಹಿಡಿದಿದೆಯಾ ಅಂತ ತೆಲುಗಿಗೆ ಹೊರಳಿದನೆಂದರೆ ಸಂಜೀವಪ್ಪ ನಿಜವಾಗಿ ಗಾಬರಿಯಾಗಿದ್ದಾನೆ ಅಂತಲೇ ಅರ್ಥ. "ನನ್ನ ಕೈಕೆಳಗೆ ನಲವತ್ತು ಮಗ್ಗ ಅವೆ. ನಿನ್ನ ಸುಮ್ನೆ ಬಿಟ್ರೆ ನಾಳೆ ನಲವತ್ತು ಜನಾನೂ ನನ್ನ ನೋಡಿ ನಗ್ತಾರೆ. ನಿನ್ನ ಮಗ್ಗ ಬಿಡಿಸಿದ್ರೆ ಇನ್ನು ಯಾವನೂ ನಿಜ ಬಾಯಿ ಬಿಡಲ್ಲ. ಎಂಥ ಕಷ್ಟಕ್ಕೆ ತಂದಿಟ್ಟೆಯಲ್ಲೋ!"

ಬಹಳ ಹೊತ್ತು ಗಲ್ಲ ಕೆರೆದುಕೊಂಡು ಕೂತ. ಕಡೆಗೆ ತೀರ್ಮಾನ ಹೇಳಿದ. "ಒಂದು ಹಾಸು ಕೂಲಿ ಇಲ್ದೆ ನೇಯಿ. ಮೂರು ಸೀರೆ. ಅಲ್ಲಿಗೆ ತೀರಿತು. ಯಾರ ಹತ್ರಾನೂ ಉಸಿರು ಬಿಡಬೇಡ."

"ಮೂರಾ?" ರಾಮಲಿಂಗಯ್ಯನ ಹಳೆಯ ಸಿಟ್ಟು ಭುಗ್ಗೆಂದಿತು. "ಇಷ್ಟು ವರ್ಷ ನೀವು ಐದೈದು ಗ್ರಾಮಿಗೆ ಮುರ್ಕೊಂಡಿದ್ದು..." ಅಲ್ಲಿಗೆ ನುಂಗಿಕೊಂಡ. ನುಂಗುವಾಗ ಕಣ್ಣಲ್ಲಿ ನೀರು ಬಂತು. ಸಂಜೀವಪ್ಪ ತೂಗಿ ಕೊಟ್ಟ ಹಾಸುನೂಲಿನ ಸುರುಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟ.

ಮನೆಯಲ್ಲಿ ಪದ್ಮಾವತಮ್ಮ ಬಾಗಿಲಲ್ಲೇ ನಿಂತಿದ್ದಳು. ಹೇಳಿದ. ಅವಳು ಹಣೆ ಬಡಿದುಕೊಂಡು ಹೊಸ್ತಿಲ ಮೇಲೇ ಕೂತಳು.

"ಕೂಲಿ ಇಲ್ದೆ ನಲವತ್ತು ದಿನ! ಹೊಟ್ಟೆಗೇನಯ್ಯಾ? ಎಲ್ಲರೂ ಮಾಡೋದನ್ನ ನೀನೊಬ್ಬ ಹೋಗಿ ಒದರ್ಕೊಂಡು ಬಂದ್ಬುಟ್ಯಲ್ಲ! ತಲೆ ನೆಟ್ಟಗೈತಾ?"

"ಇಲ್ಲ" ಅಂದ ಅವನು. ಮೊದಲ ಸಲ ಕೂಗದೆ ಹೇಳಿದ ಮಾತು ಅದು. "ಆನಂದ ಆ ಚೀಲ ಮುಟ್ಟಲಿಲ್ಲ ನೋಡು, ಅವತ್ತಿಂದ ನೆಟ್ಟಗಿಲ್ಲ."

ಅವಳು ಅವನ ಮುಖವನ್ನೇ ನೋಡಿದಳು. ಮೂವತ್ತು ವರ್ಷ ಸಂಸಾರ ಮಾಡಿದ ಗಂಡನನ್ನು ಗುರುತು ಹತ್ತದವಳ ಹಾಗೆ ನೋಡಿದಳು. ಆಮೇಲೆ ಎದ್ದು, ಹಾಸಿನ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಅದನ್ನು ಮಗ್ಗಕ್ಕೆ ಏರಿಸಿ, ಒಂದೊಂದೇ ಎಳೆ ಜೋಡಿಸುತ್ತ ಕೂತರು. ಮಧ್ಯಾಹ್ನ ದಾಟಿದ ಮೇಲೆ ತಲೆ ಎತ್ತದೆ ಕೇಳಿದಳು.

"ನಲವತ್ತು ದಿನ ಆದ್ಮೇಲೆ ಆ ಪ್ರಶ್ನೆ ಕೇಳಿದ್ರೆ ಹೂಂ ಅನ್ನಬೋದಾ?"

"ಅನ್ನಬೋದು ಅನ್ಸುತ್ತೆ."

"ನಾನೂ?"

"ಅದು ನನ್ನ ಯಾಕೆ ಕೇಳ್ತೀಯಾ? ನಿನ್ನ ಬಾಯಿ, ನೀನು ಹೇಳಬೇಕು."

ಪದ್ಮಾವತಮ್ಮ ಇನ್ನೊಂದು ಎಳೆ ಹೊಸೆದು ಜೋಡಿಸಿದಳು. "ಇಪ್ಪತ್ತೆರಡು ವರ್ಷ ಕಾದಿದ್ದಾಳೆ ಮಗಳು" ಅಂದಳು. "ನಲವತ್ತು ದಿನ ಕಾಯ್ತಾಳೆ ಬಿಡು. ಆ ಕಡೆ ಎಳೆ ಹಿಡಿ, ಸಡ್ಲ ಬಿಡಬೇಡ."